ನಂದಿಬೆಟ್ಟಕ್ಕೆ ನಡೆದು ಹೋಗೋಣ

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತು)

ನಮ್ಮೂರ ಅರಳಿಕಟ್ಟೆಯ ಹತ್ತಿರ ನಿಂತರೆ ಏನು ಕಾಣುತ್ತೆ? ನಂದಿಬೆಟ್ಟ. ಹುಟ್ಟಿದಾಗಿನಿಂದ ನೋಡ್ತಾ ಇದ್ದೀವಿ. ಬೆಟ್ಟಕ್ಕೆ ಮೋಡ ಕವಿದರೆ ಮಳೆ ಬರುತ್ತೆ ಅಂತೀವಿ. ಒಣಹಾಕಿದ ರಾಗಿ ಒಳಗೆ ತರ್ತೀವಿ.

ಈಗ ಕೈ ಎತ್ತಿ. ಆ ಬೆಟ್ಟವನ್ನು ಹತ್ತಿದವರು ಎಷ್ಟು ಜನ?

ನೋಡಿ, ನಾಲ್ಕೇ ಕೈ. ಆ ನಾಲ್ಕೂ ಗಂಡಸರ ಕೈ.

ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಕಾರು, ಬೈಕು ಸಾಲುಸಾಲಾಗಿ ಬರುತ್ತವೆ. ಸುಮಾರು 60 ಕಿಲೋಮೀಟರು ದೂರದಿಂದ ನಸುಕಿನಲ್ಲೇ ಎದ್ದು ಬರುತ್ತಾರೆ. ಬರಲಿ, ಸಂತೋಷ. ಆದರೆ ಬೆಟ್ಟದ ಬುಡದಲ್ಲಿ ಇರುವ ನಾವು ಮಾತ್ರ ಹೋಗಿಲ್ಲ. ಯಾಕೆ?

ಒಬ್ಬರು ಹೇಳ್ತಾರೆ, “ದನಕ್ಕೆ ಮೇವು ಹಾಕೋರು ಯಾರು?” ಇನ್ನೊಬ್ಬರು ಹೇಳ್ತಾರೆ, “ಒಂದು ದಿನದ ಕೂಲಿ ಹೋಗುತ್ತೆ.” ಮತ್ತೊಬ್ಬ ಅಕ್ಕ ಮೆಲ್ಲಗೆ ಹೇಳಿದರು, “ಸುಮ್ಮನೆ ತಿರುಗಾಡೋಕೆ ಹೋದ್ಲು ಅಂತ ಜನ ಆಡ್ಕೋತಾರೆ.”

ಮೇವಿನ ಮಾತು, ಕೂಲಿಯ ಮಾತು ನಿಜ. ಅದಕ್ಕೆ ದಾರಿ ಹುಡುಕೋಣ. ಆದರೆ ಸುಮ್ಮನೆ ತಿರುಗಾಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬಾವಿಯ ನೀರಿಗೂ ಆ ಬೆಟ್ಟಕ್ಕೂ ನಂಟಿದೆ. ನಮ್ಮ ನೀರು ಎಲ್ಲಿಂದ ಬರುತ್ತೆ ಅಂತ ನೋಡಿಬರುವುದು ಸುಮ್ಮನೆ ತಿರುಗಾಟವೇ? ಇವತ್ತು ಅದನ್ನೇ ಮಾತಾಡೋಣ.

ಬೆಟ್ಟ ಎಷ್ಟು ಎತ್ತರ?

ನಂದಿಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸಮುದ್ರದ ಮಟ್ಟದಿಂದ ಅದರ ಎತ್ತರ 4,851 ಅಡಿ. ಮೀಟರಿನ ಲೆಕ್ಕದಲ್ಲಿ 1,478. ಈ ಎರಡು ಸಂಖ್ಯೆ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಸಾವಿರದ ಸ್ಥಾನ ಯಾವುದು, ನೂರರ ಸ್ಥಾನ ಯಾವುದು ಅಂತ ನೋಡಿ.

ಮೇಲೆ ಹೋದಂತೆಲ್ಲ ಗಾಳಿ ತಣ್ಣಗಾಗುತ್ತೆ. 100 ಮೀಟರು ಹತ್ತಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಸೆಕೆ ಇಳಿಯುತ್ತೆ. ನಮ್ಮ ಹೊಲದಿಂದ ಬೆಟ್ಟದ ತುದಿಗೆ ಸುಮಾರು 500 ಮೀಟರು ಏರಬೇಕು. ಅದಕ್ಕೇ ಕೆಳಗೆ ಬೆವರು ಸುರಿಯುವಾಗ ಮೇಲೆ ಟವಲು ಹೊದೆಯುವ ಹಾಗೆ ಇರುತ್ತೆ.

ಬೆಳಗಿನ ಹೊತ್ತು ಮೋಡ ಬೆಟ್ಟದ ತಲೆಯ ಮೇಲೇ ಕೂತಿರುತ್ತೆ. ಮರದ ಎಲೆಗೆ ಮಂಜು ತಾಗಿ ಹನಿಹನಿಯಾಗಿ ಉದುರುತ್ತೆ. ಮರದ ಕಾಂಡದ ಮೇಲೆ ಹಸಿರು ಪಾಚಿ ಬೆಳೆದಿರುತ್ತೆ. ಸುತ್ತ ಬಯಲುಸೀಮೆ. ನಡುವೆ ಈ ಬೆಟ್ಟದ ತುದಿಯಲ್ಲಿ ಮಾತ್ರ ಮಲೆನಾಡಿನ ಹಾಗಿರುವ ಒಂದು ತುಂಡು ಕಾಡು. ಪಶ್ಚಿಮ ಘಟ್ಟದಲ್ಲಿ ಇರುವ ನೀಲಗಿರಿ ಕಾಡುಪಾರಿವಾಳ ಇಲ್ಲಿಯೂ ಕಾಣುತ್ತೆ. ಅದನ್ನು ನೋಡಲಿಕ್ಕೇ ದೂರದೂರಿನಿಂದ ದುರ್ಬೀನು ಹಿಡಿದು ಬರುವವರಿದ್ದಾರೆ.

ಯಾರು ಯಾರು ಹತ್ತಿದರು?

ಬೆಟ್ಟದ ಬುಡದಲ್ಲಿ ನಂದಿ ಗ್ರಾಮ. ಅಲ್ಲಿ ಭೋಗನಂದೀಶ್ವರನ ಗುಡಿ ಇದೆ. ಸಾವಿರ ವರ್ಷಕ್ಕೂ ಹಳೆಯದು. ಅದರ ಕಲ್ಯಾಣಿ ನೋಡಿದರೆ ಕಣ್ಣು ತುಂಬುತ್ತೆ. ಬೆಟ್ಟದ ಮೇಲೆ ಯೋಗನಂದೀಶ್ವರನ ಗುಡಿ ಇದೆ.

ಬೆಟ್ಟದ ಸುತ್ತ ಕೋಟೆ ಇದೆ. ಚಿಕ್ಕಬಳ್ಳಾಪುರದ ಪಾಳೆಯಗಾರರು ಇಲ್ಲಿ ಆಳಿದರು. ಆಮೇಲೆ ಹೈದರಾಲಿ, ಟಿಪ್ಪು ಸುಲ್ತಾನ್ ಕೋಟೆಯನ್ನು ಗಟ್ಟಿ ಮಾಡಿಸಿದರು. 1791ರ ಅಕ್ಟೋಬರಿನಲ್ಲಿ ಇಂಗ್ಲಿಷರ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲು ಇಲ್ಲಿ ಬಂಗಲೆ ಕಟ್ಟಿಸಿದರು.

1927ರಲ್ಲಿ ಗಾಂಧೀಜಿ ಖಾದಿ ಪ್ರಚಾರಕ್ಕಾಗಿ ಊರೂರು ಸುತ್ತಿ ಸುತ್ತಿ ಕಾಯಿಲೆ ಬಿದ್ದರು. ಆಗ ವಿಶ್ರಾಂತಿಗೆ ಬಂದದ್ದು ಇದೇ ಬೆಟ್ಟಕ್ಕೆ. 1936ರಲ್ಲಿ ಇನ್ನೊಮ್ಮೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆಯಿತು. ಆಗ ನಮ್ಮ ದೇಶದ ಮತ್ತು ನೆರೆದೇಶಗಳ ನಾಯಕರು ಈ ಬೆಟ್ಟದ ಮೇಲೆ ಕೂತು ಮಾತಾಡಿದರು.

ರಾಜರು ಬಂದರು, ದೊರೆಗಳು ಬಂದರು, ನಾಯಕರು ಬಂದರು. ಅವರ ಹೆಸರು ಪುಸ್ತಕದಲ್ಲಿದೆ. ಆದರೆ ಆ ಕೋಟೆಯ ಕಲ್ಲು ಹೊತ್ತವರು ಯಾರು? ಮೆಟ್ಟಿಲ ಕಲ್ಲು ಕಡಿದವರು ಯಾರು? ಅವರು ನಮ್ಮಂಥವರೇ ಅಲ್ಲವೇ? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾವು ಆ ಮೆಟ್ಟಿಲ ಮೇಲೆ ಕಾಲಿಡುವಾಗ ಅವರನ್ನು ನೆನೆಯೋಣ. ಬೆಟ್ಟ ನಮಗಲ್ಲ, ದೊಡ್ಡವರಿಗೆ ಅನ್ನುವ ಮಾತನ್ನು ಮನಸ್ಸಿನಿಂದ ತೆಗೆದುಹಾಕೋಣ.

ಒರಳುಕಲ್ಲು ಮತ್ತು ಗೋಣಿಚೀಲ

ಈಗ ನೀರಿನ ಮಾತಿಗೆ ಬರ್ತೀನಿ.

ನಾಳೆ ಮನೆಯಲ್ಲಿ ಒಂದು ಕೆಲಸ ಮಾಡಿ. ಒರಳುಕಲ್ಲಿನ ಬೆನ್ನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಏನಾಗುತ್ತೆ? ಸರ್ರನೆ ಹರಿದುಹೋಗುತ್ತೆ. ಎರಡು ಗಳಿಗೆಯಲ್ಲಿ ಕಲ್ಲು ಒಣಗುತ್ತೆ. ಇನ್ನೊಂದು ಚೊಂಬು ನೀರನ್ನು ನಾಲ್ಕು ಮಡಿಕೆ ಮಾಡಿದ ಗೋಣಿಚೀಲದ ಮೇಲೆ ಸುರಿಯಿರಿ. ಚೀಲ ನೀರು ಕುಡಿಯುತ್ತೆ. ಆಮೇಲೆ ಅಡಿಯಿಂದ ತೊಟ್ಟು ತೊಟ್ಟಾಗಿ ಬಹಳ ಹೊತ್ತು ಬಿಡುತ್ತೆ.

ಬೋಳು ಬೆಟ್ಟ ಅಂದರೆ ಒರಳುಕಲ್ಲು. ಕಾಡಿರುವ ಬೆಟ್ಟ ಅಂದರೆ ಗೋಣಿಚೀಲ.

ನಂದಿಬೆಟ್ಟದ ಒಳಗೆಲ್ಲ ಬರೀ ಬಂಡೆ. ಬಂಡೆಯ ಮೇಲೆ ತೆಳುವಾಗಿ ಮಣ್ಣಿದೆ. ಮಣ್ಣಿನ ಮೇಲೆ ತರಗೆಲೆ ಇದೆ. ಆ ಮಣ್ಣನ್ನು ಹಿಡಿದಿರುವುದು ಮರದ ಬೇರು, ಗಿಡದ ಬೇರು, ಹುಲ್ಲಿನ ಬೇರು. ಮಳೆ ಬಿದ್ದಾಗ ತರಗೆಲೆ ಮತ್ತು ಮಣ್ಣು ನೀರು ಕುಡಿಯುತ್ತವೆ. ಬಂಡೆಯ ಬಿರುಕಿನಲ್ಲಿ ನೀರು ಇಳಿಯುತ್ತೆ. ಆಮೇಲೆ ಮೆಲ್ಲಗೆ ಊಟೆಯಾಗಿ, ತೊರೆಯಾಗಿ ಹೊರಗೆ ಬರುತ್ತೆ. ಬೆಟ್ಟದ ಮೇಲೆ ಅಮೃತ ಸರೋವರ ಅಂತ ಮೆಟ್ಟಿಲು ಕಟ್ಟಿದ ದೊಡ್ಡ ಕಲ್ಯಾಣಿ ಇದೆ. ಅಷ್ಟು ಎತ್ತರದಲ್ಲಿ ನೀರು ಹೇಗೆ ನಿಂತಿತು ಅಂತ ಬೆರಗಾಗುತ್ತೆ. ಇದೇ ಅದರ ಗುಟ್ಟು.

ಅರ್ಕಾವತಿ ನದಿ ಹುಟ್ಟುವುದು ನಂದಿಬೆಟ್ಟದಲ್ಲಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ನದಿಗಳು ಹುಟ್ಟುವುದೂ ಈ ಬೆಟ್ಟಸಾಲಿನ ಆಸುಪಾಸಿನಲ್ಲೇ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಕಡೆ ಸಮುದ್ರ ಸೇರುತ್ತೆ. ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗಿ ಕಡಲೂರಿನ ಕಡೆ ಸಮುದ್ರ ಸೇರುತ್ತೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತೆ. ಒಂದು ಬೆಟ್ಟಸಾಲಿನ ನೀರು ಮೂರು ರಾಜ್ಯಕ್ಕೆ ಹೋಗುತ್ತೆ. ಇದು ಸಣ್ಣ ಮಾತಲ್ಲ.

ಇನ್ನೊಂದು ಸಂಗತಿ ಕೇಳಿ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಹೆಸರಘಟ್ಟ ಕೆರೆಯಿಂದ. ಅದು ಅರ್ಕಾವತಿಯ ನೀರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು. ಅದೂ ಅರ್ಕಾವತಿಯ ನೀರೇ. ಅಂದರೆ ಅಷ್ಟು ದೊಡ್ಡ ಪಟ್ಟಣ ಬಹಳ ವರ್ಷ ಈ ಬೆಟ್ಟದ ಕಡೆಯ ನೀರು ಕುಡಿದು ಬೆಳೆಯಿತು.

ಈಗ ಅರ್ಕಾವತಿ ಹೇಗಿದೆ? ವರ್ಷದಲ್ಲಿ ಬಹಳ ದಿನ ಮರಳೂ ಇಲ್ಲ, ನೀರೂ ಇಲ್ಲ. ಬೆಂಗಳೂರು ಈಗ ಬಹುಪಾಲು ದೂರದ ಕಾವೇರಿ ನೀರನ್ನೇ ಕುಡಿಯುತ್ತೆ. ನಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್‌ಗಳಿವೆ. ಒಂದು ಬೋರ್ ಕೊರೆಸಿ ಸಾಲದಲ್ಲಿ ಬಿದ್ದವರು ಈ ಸಭೆಯಲ್ಲೇ ಇದ್ದೀರಿ.

ಇದಕ್ಕೆ ಒಂದೇ ಕಾರಣ ಇಲ್ಲ. ಕಾಲುವೆಗಳನ್ನು ಮುಚ್ಚಿ ಸೈಟು ಮಾಡಿದರು. ಕೆರೆಗೆ ನೀರು ಬರುವ ದಾರಿ ತಪ್ಪಿತು. ಬೋರ್‌ವೆಲ್ ಹೆಚ್ಚಾಗಿ ನೆಲದಡಿಯ ನೀರು ಇಳಿಯಿತು. ಆಳು ಸಿಗದೆ, ಬೆಳೆ ಕೈಗೆ ಬಾರದೆ ಹೊಲದಲ್ಲಿ ನೀಲಗಿರಿ ಮರ ನೆಟ್ಟೆವು. ಅದರ ಬೇರು ಆಳಕ್ಕೆ ಇಳಿದು ನೀರು ಹೀರುತ್ತೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ಜೊತೆಗೆ ಬೆಟ್ಟಗುಡ್ಡಗಳ ಕಾಡಿಗೆ ಬೆಂಕಿ ಬೀಳುತ್ತೆ, ಮಣ್ಣು ಕೊಚ್ಚಿಹೋಗುತ್ತೆ. ಗೋಣಿಚೀಲ ಹರಿದುಹೋಗ್ತಾ ಇದೆ. ಅದಕ್ಕೇ ನಾವು ಹೋಗಿ ನೋಡಬೇಕು. ಕಣ್ಣಿಂದ ನೋಡದ ವಸ್ತುವನ್ನು ಉಳಿಸೋಕೆ ಮನಸ್ಸು ಬರೋದಿಲ್ಲ.

ಹೇಗೆ ಹೋಗೋಣ?

2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಗುರುತಿನ ಚೀಟಿ ಮರೆಯಬೇಡಿ. ಬಸ್ಸಿನ ಬೋರ್ಡು ನೀವೇ ಓದಬೇಕು. ‘ನಂದಿ’ ಅಂತ ಇದ್ದರೆ ಅದು ನಂದಿ ಗ್ರಾಮವೋ, ನಂದಿಬೆಟ್ಟವೋ? ಪೂರ್ತಿ ಓದಿ. ಅರ್ಧ ಓದಿ ಹತ್ತಬೇಡಿ.

ಮೇಲಿನವರೆಗೂ ರಸ್ತೆ ಇದೆ. ಆದರೆ ನಾವು ನಡೆದು ಹೋಗೋಣ. ಬೆಟ್ಟದ ಬುಡದ ಸುಲ್ತಾನಪೇಟೆಯಿಂದ ಹಳೆಯ ಮೆಟ್ಟಿಲ ದಾರಿ ಇದೆ. 1,175 ಮೆಟ್ಟಿಲು ಅಂತ ಹೇಳ್ತಾರೆ. ನಿಜವೋ ಸುಳ್ಳೋ, ನಾವೇ ಎಣಿಸೋಣ. ನೂರು ಮೆಟ್ಟಿಲಿಗೆ ಒಂದು ಗೆರೆ ಪುಸ್ತಕದಲ್ಲಿ ಎಳೆಯಿರಿ. ಮೇಲೆ ಹೋದ ಮೇಲೆ ಕೂಡಿಸೋಣ. ಮೆಟ್ಟಿಲ ದಾರಿ ಆ ದಿನ ತೆರೆದಿದೆಯೇ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕಲ್ಲು ಜಾರುತ್ತೆ. ಮಳೆ ಬರುವ ದಿನ ಬೇಡ.

ಬೆಳಿಗ್ಗೆ ಬೇಗ ಹೊರಡೋಣ. ಬಿಸಿಲು ಏರುವ ಮೊದಲು ಮೇಲಿರಬೇಕು. ಭಾನುವಾರ ನೂಕುನುಗ್ಗಲು. ನಡುವಾರದ ದಿನ ಒಳ್ಳೆಯದು.

ಕಾಲಿಗೆ ಹವಾಯಿ ಚಪ್ಪಲಿ ಬೇಡ, ಜಾರುತ್ತೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯೋ ಕ್ಯಾನ್ವಾಸ್ ಶೂವೋ ಇರಲಿ. ಸೀರೆಯನ್ನು ಗದ್ದೆ ಕೆಲಸಕ್ಕೆ ಕಟ್ಟುವ ಹಾಗೆ ಎತ್ತಿ ಕಟ್ಟಿ. ಒಬ್ಬೊಬ್ಬರಿಗೆ ಎರಡು ಬಾಟಲಿ ನೀರು. ರೊಟ್ಟಿ, ಚಿತ್ರಾನ್ನ, ಬಾಳೆಹಣ್ಣು, ಒಂದು ತುಂಡು ಬೆಲ್ಲ. ಒಂದು ಟವಲು.

ಹತ್ತುವಾಗ ಓಡಬೇಡಿ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ನಡೆಯಿರಿ. ಮಾತು ಆಡೋಕೆ ಉಸಿರು ಸಾಲದಿದ್ದರೆ ನಿಲ್ಲಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ. ಗಟ್ಟಿ ಕಾಲಿನವರು ಹಿಂದೆ ಇರಲಿ. ಆಗ ಯಾರೂ ತಪ್ಪಿಹೋಗುವುದಿಲ್ಲ. ಎದೆನೋವು, ದಮ್ಮು, ಬಿ.ಪಿ. ಇರುವವರು ಮೊದಲು ಡಾಕ್ಟರನ್ನು ಕೇಳಿ. ಮೆಟ್ಟಿಲು ಆಗದವರು ಬಸ್ಸಿನಲ್ಲಿ ಬಂದು ಮೇಲೆ ನಮ್ಮನ್ನು ಕೂಡಲಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇಳಿಯುವುದು ಸುಲಭ ಅಂದುಕೊಳ್ಳಬೇಡಿ. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗಲೇ. ಒಂದು ಊರುಗೋಲು ಇದ್ದರೆ ಒಳ್ಳೆಯದು. ಆದರೆ ಅದಕ್ಕಾಗಿ ಕಾಡಿನ ಗಿಡ ಮುರಿಯಬೇಡಿ. ಮನೆಯಿಂದಲೇ ತನ್ನಿ.

ಬೋರ್ಡು ಓದಿ, ಜೀವ ಉಳಿಸಿ

ಬೆಟ್ಟದಲ್ಲಿ ಅಲ್ಲಲ್ಲಿ ಬೋರ್ಡು ಹಾಕಿರುತ್ತಾರೆ. ‘ಮುಂದೆ ಹೋಗಬಾರದು.’ ‘ಬಂಡೆಯ ಅಂಚಿಗೆ ಹೋಗಬಾರದು.’ ‘ಪ್ರವೇಶವಿಲ್ಲ.’ ಓದು ಬಾರದವರು ಹಾಗೇ ಹೋಗುತ್ತಾರೆ. ಓದು ಬಂದವರೂ ಎಷ್ಟೋ ಜನ ಓದಿಯೂ ಹೋಗುತ್ತಾರೆ. ಇದು ಇನ್ನೂ ಕೆಟ್ಟದ್ದು.

2022ರ ಫೆಬ್ರವರಿಯಲ್ಲಿ 19 ವರ್ಷದ ಒಬ್ಬ ಹುಡುಗ ಒಬ್ಬನೇ ಚಾರಣಕ್ಕೆ ಬಂದ. ನಂದಿಯ ಪಕ್ಕದ ಬ್ರಹ್ಮಗಿರಿಯ ಬಂಡೆಯಲ್ಲಿ ಕಾಲು ಜಾರಿ ಕೆಳಗೆ ಬಿದ್ದ. ಸುಮಾರು 300 ಅಡಿ ಕೆಳಗೆ ಬಂಡೆಯ ಒಂದು ಚಾಚಿನಲ್ಲಿ ಸಿಕ್ಕಿಕೊಂಡ. ಪೊಲೀಸರು ವಾಯುಪಡೆಯ ನೆರವು ಕೇಳಿದರು. ಹೆಲಿಕಾಪ್ಟರ್ ಬಂತು. ಹಗ್ಗ ಬಿಟ್ಟು ಹುಡುಗನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದರು. ಅವನ ಪುಣ್ಯ, ಬದುಕಿದ. ಎಲ್ಲರಿಗೂ ಹೆಲಿಕಾಪ್ಟರ್ ಬರುತ್ತೆಯೇ?

ಇದರಿಂದ ಮೂರು ಪಾಠ. ಒಬ್ಬರೇ ಹೋಗಬಾರದು. ಎಲ್ಲಿಗೆ ಹೋಗ್ತೀವಿ, ಎಷ್ಟು ಹೊತ್ತಿಗೆ ಬರ್ತೀವಿ ಅಂತ ಮನೆಯಲ್ಲಿ ಚೀಟಿ ಬರೆದಿಡಬೇಕು. ಬೇಲಿ ದಾಟಬಾರದು. ಮೇಲೆ ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಬಂಡೆ ಇದೆ. ಅಲ್ಲಿ ಫೋಟೋ ತೆಗೆಸಿಕೊಳ್ಳುವ ಆಸೆಗೆ ಬೇಲಿಯ ಮೇಲೆ ಬಾಗಬೇಡಿ. ಮಕ್ಕಳ ಕೈ ಬಿಡಬೇಡಿ.

ತೊಂದರೆಯಾದರೆ 112ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸಿಗೆ 108. ಈ ಎರಡು ಅಂಕಿ ಎಲ್ಲರೂ ಬಾಯಲ್ಲಿ ಹೇಳಿ. ಈಗ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಿರಿ.

2021ರ ಆಗಸ್ಟಿನಲ್ಲಿ ಜೋರು ಮಳೆಗೆ ಬೆಟ್ಟದ ಮಣ್ಣು ಕುಸಿಯಿತು. ಕಲ್ಲು ಮಣ್ಣು ರಸ್ತೆಗೆ ಬಂತು. ಕೆಲವು ತಿಂಗಳು ಯಾರನ್ನೂ ಮೇಲೆ ಬಿಡಲಿಲ್ಲ. ಬೆಟ್ಟ ಗಟ್ಟಿ ಅಂದುಕೊಳ್ತೀವಿ. ಬಂಡೆ ಗಟ್ಟಿ, ಮೇಲಿನ ಮಣ್ಣು ಗಟ್ಟಿಯಲ್ಲ. ಬೇರು ಹಿಡಿದಷ್ಟೇ ಅದು ನಿಲ್ಲುತ್ತೆ.

ತಂದದ್ದನ್ನು ವಾಪಸು ತನ್ನಿ

ಬೆಟ್ಟದಲ್ಲಿ ಕೋತಿಗಳು ಬಹಳ. ಕವರ್ ಕಂಡರೆ ಕಿತ್ತುಕೊಳ್ಳುತ್ತವೆ. ತಿಂಡಿ ಕೊಡಬೇಡಿ. ನಾವು ಕೊಟ್ಟು ಕೊಟ್ಟು ಅವು ಕಾಡಿನ ಹಣ್ಣು ಬಿಟ್ಟು ಚಿಪ್ಸ್ ತಿನ್ನುವ ಹಾಗಾಗಿದೆ. ಪ್ಲಾಸ್ಟಿಕ್ಕು ಸೇರಿಸಿ ನುಂಗುತ್ತವೆ. ಊಟವನ್ನು ಬಟ್ಟೆ ಚೀಲದಲ್ಲಿ, ಮುಚ್ಚಳದ ಡಬ್ಬಿಯಲ್ಲಿ ತನ್ನಿ.

ಕೆಳಗಿಂದ ಏನು ಹೊತ್ತು ಹೋಗ್ತೀವೋ ಅದನ್ನು ಕೆಳಗೇ ತರಬೇಕು. ಖಾಲಿ ಬಾಟಲಿ, ಗುಟ್ಕಾ ಚೀಟಿ, ಕವರ್, ಎಲ್ಲ. ಮಳೆ ಬಂದರೆ ಆ ಕಸ ಎಲ್ಲಿಗೆ ಬರುತ್ತೆ? ತೊರೆಗೆ. ತೊರೆಯಿಂದ ನಮ್ಮ ಕೆರೆಗೆ.

ಬೀಡಿ ಸೇದುವ ಅಣ್ಣಂದಿರಿಗೆ ಒಂದು ಮಾತು. ಆ ದಿನ ಬೀಡಿ ಕಟ್ಟು ಮನೆಯಲ್ಲೇ ಇರಲಿ. ಫೆಬ್ರವರಿ, ಮಾರ್ಚಿನಲ್ಲಿ ಹುಲ್ಲು ಒಣಗಿ ಸೀಮೆಎಣ್ಣೆಯ ಹಾಗಿರುತ್ತೆ. ಒಂದು ಬೀಡಿ ತುಂಡು ಸಾಕು, ಬೆಟ್ಟದ ಒಂದು ಮಗ್ಗುಲು ಸುಟ್ಟುಹೋಗುತ್ತೆ. ಹೊಸ ಹುಲ್ಲು ಬರಲಿ ಅಂತ ಬೇಕೆಂದೇ ಬೆಂಕಿ ಇಡುವವರೂ ಇದ್ದಾರೆ. ಹುಲ್ಲಿನ ಜೊತೆ ಮರದ ಸಸಿ, ಹಕ್ಕಿಯ ಗೂಡು, ತರಗೆಲೆ ಎಲ್ಲ ಬೂದಿ. ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತೆ. ಆಗ ಗೋಣಿಚೀಲ ಒರಳುಕಲ್ಲಾಗುತ್ತೆ. ಬಂಡೆಯಲ್ಲಿ ಹೆಜ್ಜೇನು ಕಂಡರೆ ಹೊಗೆ ಮಾಡಬೇಡಿ, ಕಲ್ಲು ಎಸೆಯಬೇಡಿ. ಸದ್ದು ಮಾಡದೆ ದೂರ ಸರಿಯಿರಿ.

ಕಾಡು ಅಂದರೆ ಸೌದೆ ಅಷ್ಟೇ ಅಲ್ಲ. ಕಾಡು ಅಂದರೆ ನೀರು. ಇದನ್ನು ಬೆಂಗಳೂರಿನವರು ತಿಳಿಯಬೇಕು. ಅವರಿಗಿಂತ ಮೊದಲು ನಾವು ತಿಳಿಯಬೇಕು. ಯಾಕೆಂದರೆ ಅವರು ಸಂಜೆಗೆ ವಾಪಸು ಹೋಗುತ್ತಾರೆ. ನಾವು ಇಲ್ಲೇ ಇರ್ತೀವಿ.

ಇನ್ನು ಮೇವಿನ ಮಾತು, ಕೂಲಿಯ ಮಾತು. ನಮ್ಮ ಕೇಂದ್ರದಲ್ಲಿ 26 ಜನ ಇದ್ದೀವಿ. ಎರಡು ಗುಂಪು ಮಾಡೋಣ. ಒಂದು ಗುಂಪು ಹೋದ ದಿನ ಇನ್ನೊಂದು ಗುಂಪಿನವರು ಅವರ ದನಕ್ಕೆ ಮೇವು ಹಾಕಲಿ, ಮಕ್ಕಳನ್ನು ನೋಡಿಕೊಳ್ಳಲಿ. ಮುಂದಿನ ವಾರ ಅದಲು ಬದಲು. ಕೂಲಿ ಇಲ್ಲದ ದಿನವನ್ನು ನೀವೇ ಆರಿಸಿ. ಮನೆಯಲ್ಲಿ ಅತ್ತೆ, ಗಂಡ ಏನಂತಾರೋ ಅನ್ನುವ ಅಳುಕಿದ್ದರೆ ಅವರನ್ನೂ ಕರೆತನ್ನಿ. ಅವರೂ ಬೆಟ್ಟ ನೋಡಿಲ್ಲ.

ನಾಳೆ ಹಾಜರಿ ಪುಸ್ತಕದ ಪಕ್ಕದಲ್ಲಿ ಒಂದು ಹಾಳೆ ಇಟ್ಟಿರ್ತೀನಿ. ಬರುವವರು ಅದರಲ್ಲಿ ಹೆಸರು ಬರೆಯಿರಿ. ಹೆಬ್ಬೆಟ್ಟು ಬೇಡ. ನಿಮ್ಮ ಕೈಯಿಂದಲೇ ಬರೆಯಿರಿ.

ಓದಿ, ಮಾತಾಡಿ

1. ನಂದಿಬೆಟ್ಟದ ಎತ್ತರ ಎಷ್ಟು ಅಡಿ? ಎಷ್ಟು ಮೀಟರು?

2. ಕಾಡಿರುವ ಬೆಟ್ಟವನ್ನು ಗೋಣಿಚೀಲ ಎಂದು ಯಾಕೆ ಹೇಳಿದರು?

3. ಅರ್ಕಾವತಿ ಎಲ್ಲಿ ಹುಟ್ಟುತ್ತದೆ? ಎಲ್ಲಿ ಕಾವೇರಿಯನ್ನು ಸೇರುತ್ತದೆ?

4. ನಿಮ್ಮ ಊರಿನ ಕೆರೆಗೆ ನೀರು ಯಾವ ಗುಡ್ಡದಿಂದ, ಯಾವ ಕಾಲುವೆಯಿಂದ ಬರುತ್ತದೆ? ಆ ಕಾಲುವೆ ಈಗ ಹೇಗಿದೆ? ಹೋಗಿ ನೋಡಿ ನಾಲ್ಕು ಸಾಲು ಬರೆಯಿರಿ.

5. ಬೆಟ್ಟಕ್ಕೆ ಹೋಗುವ ದಿನ ಮನೆಯಲ್ಲಿ ಬರೆದಿಡುವ ಚೀಟಿಯನ್ನು ಈಗಲೇ ಬರೆದು ನೋಡಿ.